ಒಂಬತ್ತು ಅಕ್ಷರ, ಕೊನೆಗೆ ಯು

10 ಆಗಸ್ಟ್ 2025, ಭಾನುವಾರ

ಗಣೇಶನ ಹಬ್ಬಕ್ಕೆ ಇನ್ನು ಎರಡು ವಾರ ಚಿಲ್ಲರೆ ಇದೆ. ನಮ್ಮ ಅಪಾರ್ಟ್‌ಮೆಂಟಿನ ಹಬ್ಬದ ಕಮಿಟಿಯವರು ಈ ಸಲ ಇಂಗ್ಲಿಷ್ ಕ್ರಾಸ್‌ವರ್ಡ್ ಮಾಡಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಕನ್ನಡ ಪದಬಂಧ ನೋಡಿಕೊಳ್ಳುವುದಕ್ಕೆ ಕೆಳಗಿನ ಮನೆಯ ಮೇಷ್ಟ್ರು ಇದ್ದಾರೆ. ಇಲ್ಲಿ ತೆಲುಗು, ತಮಿಳು, ಮಲಯಾಳ, ಹಿಂದಿ ಎಲ್ಲ ಮಾತಾಡುವವರೂ ಇರುವುದರಿಂದ ಇಂಗ್ಲಿಷಿನದೂ ಒಂದಿರಲಿ ಅಂತ.

ಬಲಗಡೆ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಮೌಸ್ ಹಾಕಿದೆ. ಗಣೇಶನ ಹಬ್ಬದಲ್ಲಿ ಇಲಿ ಇಲ್ಲದಿದ್ದರೆ ಆಗುತ್ತಾ? ಅದರ ನಡುವಿನ ಅಕ್ಷರ ಯು. ಎಡದಿಂದ ಬಲಕ್ಕೆ ಬರುವ ಒಂಬತ್ತು ಮನೆಯ ಸಾಲು ಸರಿಯಾಗಿ ಆ ಯು ಮೇಲೇ ಬಂದು ನಿಂತಿತು. ಬೆಳಗಿನ ಕಾಫಿಯಿಂದ ಊಟದ ತನಕ ಅದೇ ಧ್ಯಾನ.

ಇ ಆಗಿದ್ದರೆ ಚಿಂತೆಯೇ ಇರಲಿಲ್ಲ, ಇ ಕೊನೆಯ ಪದಗಳು ಇಂಗ್ಲಿಷಿನಲ್ಲಿ ರಾಶಿ ರಾಶಿ. ಯು ಹಾಗಲ್ಲ. ಬ್ಲೂ, ಟ್ರೂ, ವ್ಯಾಲ್ಯೂ ಅಂತ ಬಾಯಲ್ಲಿ ಉ ಬಂದರೂ ಬರೆಯುವಾಗ ಹಿಂದೆ ಒಂದು ಇ ಸೇರಿಸುತ್ತಾರೆ. ವಿ ಕಥೆಯೂ ಇದೇ. ಹ್ಯಾವ್, ಗಿವ್, ಲವ್ ಎಲ್ಲದರ ಬಾಲಕ್ಕೂ ಒಂದು ಇ. ಹಿಂದೆ ಯು, ವಿ ಎರಡನ್ನೂ ಬೇರೆ ಬೇರೆ ಅಕ್ಷರ ಅಂತ ಎಣಿಸುತ್ತಿರಲಿಲ್ಲವಲ್ಲ, ಅದೂ ಇದಕ್ಕೊಂದು ಕಾರಣ. ಯು ಕೊನೆಗಿರುವ ಇಂಗ್ಲಿಷಿನ ಸ್ವಂತ ಮನೆಮಕ್ಕಳು ಅಂದರೆ ಯೂ, ಮತ್ತೆ ಹಳೇ ಕಾಲದ ದೌ. ಮಿಕ್ಕವು ಹೆಚ್ಚಿನವು ನೆಂಟರೇ. ಮೆನು ಫ್ರೆಂಚಿನಿಂದ ಬಂತು. ತೋಫು, ಹೈಕು ಜಪಾನಿನವು. ಗುರು ನಮ್ಮದೇ. ಫ್ಲೂ ಅನ್ನುವುದು ಇನ್‌ಫ್ಲುಯೆಂಜಾದಿಂದ ಕತ್ತರಿಸಿಕೊಂಡ ತುಂಡು. ಕ್ರಾಸ್‌ವರ್ಡ್ ಬಿಡಿಸುವವರಿಗೆ ಎಮು ಹಕ್ಕಿ ಮತ್ತು ಜಿ-ಎನ್-ಯು ಅಂತ ಬರೆಯುವ ಆಫ್ರಿಕಾದ ನೂ ಪ್ರಾಣಿ ಇಷ್ಟೊಂದು ಪರಿಚಯ ಇರುವುದು ಸುಮ್ನೆ ಅಲ್ಲ. ಪದ ಹೆಣೆಯುವವನು ಮೂಲೆಗೆ ಬಿದ್ದಾಗ ಕೈ ಹಿಡಿಯುವುದು ಅವೇ.

ಬಸ್ಸು, ಕಾರು, ಬ್ಯಾಂಕು ಅಂತ ಕಂಡದ್ದಕ್ಕೆಲ್ಲ ಉ ಅಂಟಿಸುವ ನಮಗೆ ಇದೊಂದು ವಿಚಿತ್ರ ಬಡತನ ಅನ್ನಿಸುತ್ತದೆ.

ಒಂಬತ್ತಕ್ಕೆ ಹುಡುಕಿದಾಗ ಸಿಕ್ಕಿದ್ದು: ಇಂಪ್ರಾಂಪ್ಟು, ಫ್ರೆಂಚಿನ ಟ್ರೂಸೋ (ಮದುಮಗಳು ತವರಿನಿಂದ ಒಯ್ಯುವ ಬಟ್ಟೆಬರೆ), ನೇಪಾಳದ ಕಠ್ಮಂಡು, ಸೊಮಾಲಿಯಾದ ಮೊಗಾಡಿಶು, ಚೀನಾದ ಗುವಾಂಗ್‌ಝೌ. ಎರಡು ಪದ ಆದರೂ ಪರವಾಗಿಲ್ಲ ಅಂದರೆ ತಮಿಳುನಾಡು ಕೂಡ. ಐದು, ನಾಲ್ಕು.

ಆಮೇಲೆ ಹೊಳೆಯಿತು. ನಮ್ಮೂರೇ ಇದೆಯಲ್ಲ! ಬಿ-ಇ-ಎನ್-ಜಿ-ಎ-ಎಲ್-ಯು-ಆರ್-ಯು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಅದಕ್ಕೂ ಮುಂಚೆ ಬ್ಯಾಂಗಲೋರ್‌ಗೂ ಒಂಬತ್ತೇ ಅಕ್ಷರ, ಆದರೆ ಕೊನೆಗೆ ಇ. ಮೈಸೂರಿಗೆ ಆಗಲೂ ಆರು, ಈಗಲೂ ಆರು, ಆದರೆ ಬಾಲದ ಇ ಹೋಗಿ ಯು ಆಯಿತು. ಅಂದರೆ ಹಳೇ ಕ್ರಾಸ್‌ವರ್ಡಿನ ಅಳತೆ ಕೆಡಲಿಲ್ಲ, ಉತ್ತರ ಕೆಟ್ಟಿತು. ಕನ್ನಡ ಪದಬಂಧದಲ್ಲಿ ಇಂಥ ತಲೆನೋವೇ ಇಲ್ಲ. ಬೆಂ, ಗ, ಳೂ, ರು, ನಾಲ್ಕು ಮನೆಯಲ್ಲಿ ಮುಗಿಯಿತು.

ಬೆಂಗಳೂರು ಬರೆದು ಅತ್ತಿಗೆಗೆ ತೋರಿಸಿದೆ. ಅವರು ಮಂಗಳೂರಿನವರು.

"ಎಂಥ ಮಾರಾಯ, ಮಂಗಳೂರು ಯಾಕೆ ಆಗಬಾರದು?"

ಎಣಿಸಿ ನೋಡಿದರೆ ಹೌದು, ಅದಕ್ಕೂ ಒಂಬತ್ತು. ಇಂಗ್ಲಿಷಿನಲ್ಲಿ ಮೊದಲ ಎರಡು ಅಕ್ಷರ ಬಿಟ್ಟರೆ ಮಿಕ್ಕ ಏಳೂ ಒಂದೇ. ನನ್ನ ಚೌಕಟ್ಟಿನಲ್ಲಿ ಆ ಮೊದಲ ಎರಡು ಮನೆಗಳ ಮೇಲೂ ಕೆಳಗೂ ಕಪ್ಪು ಚೌಕಗಳೇ. ಬೇರೆ ಯಾವ ಪದವೂ ಅವನ್ನು ದಾಟುವುದಿಲ್ಲ. ಹಾಗಾದಾಗ ಬಿಡಿಸುವವರಿಗೆ ಸುಳಿವು ಒಂದೇ ಗತಿ.

"ರಾಜಧಾನಿ ಅಂತ ಸುಳಿವು ಕೊಡ್ತೀನಿ ಅತ್ತಿಗೆ."

"ಬಂದರು ಅಂತ ಕೊಡು. ಇಲ್ಲಿಯವರು ಸುಳಿವು ಓದದೆ ಬೆಂಗಳೂರು ಬರೀತಾರೆ, ಅರ್ಧ ಜನ ತಪ್ಪುತ್ತಾರೆ. ಸ್ಪರ್ಧೆ ಅಂದ ಮೇಲೆ ಅಷ್ಟೂ ಬೇಡ್ವಾ?"

ತಂತ್ರ ಒಳ್ಳೆಯದೇ. ಆದರೆ ಹಬ್ಬದ ದಿನ ಅರ್ಧ ಅಪಾರ್ಟ್‌ಮೆಂಟಿನ ಕೈಲಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ. ಎರಡೂ ಊರನ್ನು ಕೈಬಿಟ್ಟೆ.

ಊಟ ಆದ ಮೇಲೆ ಪಕ್ಕದ ಮನೆಯ ಹುಡುಗ ಕೇಬಲ್ ಕೇಳಿಕೊಂಡು ಬಂದ. ಹೋಗುವಾಗ "ಹ್ಯಾಪಿ ಸಂಡೇ ಅಂಕಲ್" ಅಂದ. ನಾನು ಸೇಮ್ ಟು ಯೂ ಅಂದೆ. ಬಾಗಿಲು ಹಾಕುತ್ತಲೇ ಬೆರಳು ಮಡಚಿ ಎಣಿಸಿದೆ. ನಾಲ್ಕು, ಎರಡು, ಮೂರು. ಒಂಬತ್ತು! ಹೌ ಆರ್ ಯೂ ಕೂಡ ಒಂಬತ್ತೇ, ಮೂರು ಮೂರು ಮೂರು. ಆದರೆ ಹಬ್ಬಕ್ಕೆ ಹೊಂದುವುದು ಸೇಮ್ ಟು ಯೂ. ಸುಳಿವೂ ಸಲೀಸು: ಲಿಫ್ಟಿನಲ್ಲಿ ಹಬ್ಬದ ಶುಭಾಶಯ ಹೇಳಿದರೆ ತಿರುಗಿ ಬರುವ ಮಾತು.

ಇನ್ನೊಂದು ಲಾಭವೂ ಆಯಿತು. ಮೂರನೇ ಅಕ್ಷರ ಎಂ, ಅಲ್ಲಿಂದ ಕೆಳಕ್ಕೆ ಮೋದಕ ಇಳಿಸಿದೆ. ಐದನೆಯದು ಟಿ, ಅಲ್ಲಿಗೆ ಮೇಲಿನಿಂದ ಎಲಿಫೆಂಟ್ ಬಂದು ಮುಗಿಯುತ್ತದೆ. ಕಮಿಟಿಯವರಿಗೆ ಇನ್ನೇನು ಬೇಕು?

ಮೇಲಿನ ಮೂಲೆ ಮಾತ್ರ ಬಾಕಿ. ಅತ್ತಿಗೆ ಮಲ್ಲಿಗೆ ಇರಲೇಬೇಕು ಅಂತ ಹಟ ಹಿಡಿದಿದ್ದಕ್ಕೆ ಜಾಸ್ಮಿನ್ ಹಾಕಿದ್ದೇನೆ. ಅದರ ಜೆ ಮೇಲೆ ಆರು ಅಕ್ಷರದ ಪದವೊಂದು ಬಂದು ಮುಗಿಯಬೇಕು. ಜೆಯಲ್ಲಿ ಮುಗಿಯುವ ಇಂಗ್ಲಿಷ್ ಪದ ಯುಗಿಂತಲೂ ಕಮ್ಮಿ. ರಾಜ್, ತಾಜ್, ಹಜ್, ಎಲ್ಲ ನಮ್ಮ ಕಡೆಯಿಂದಲೋ ಅರಬ್ಬರ ಕಡೆಯಿಂದಲೋ ಹೋದವೇ. ಆರಕ್ಕೆ ಸರಿಹೊಂದುವುದು ಸ್ವರಾಜ್. ಆಗಸ್ಟ್ ತಿಂಗಳಲ್ವಾ, ನಡೆಯುತ್ತದೆ.