ಕಟ್ಟೆಯ ಮೇಲೆ ಬಿಸಿಲು ಕಾಯುವವ

ಕುಂಬಳೆಯಲ್ಲಿ ಈಗ ಬೆಳಗ್ಗೆ ಸಣ್ಣ ಚಳಿ. ಅಂಗಳದ ಮುರಕಲ್ಲಿನ ಕಟ್ಟೆಗೆ ಬಿಸಿಲು ಬಿದ್ದದ್ದೇ ತಡ, ಓತಿಕ್ಯಾತ ಹಾಜರ್. ಹತ್ತಿರ ಹೋದರೂ ಓಡಲಿಲ್ಲ. ಧೈರ್ಯ ಏನಲ್ಲ, ಮೈ ಇನ್ನೂ ಬಿಸಿಯಾಗಿಲ್ಲ ಅಷ್ಟೆ. ನಮ್ಮ ಮೈಯನ್ನು 37 ಡಿಗ್ರಿಯಲ್ಲಿ ಇಡಲು ಒಳಗೇ ಒಲೆ ಉರಿಯುತ್ತಿರುತ್ತದೆ, ಅದಕ್ಕೇ ಮೂರು ಹೊತ್ತು ಊಟ ಬೇಕು. ಇವನ ಒಲೆ ಹೊರಗಿದೆ. ಬಿಸಿಲು ಜಾಸ್ತಿಯಾದರೆ ಸುಮ್ನೆ ನೆರಳಿಗೆ ಸರಿಯುತ್ತಾನೆ. ಹೊಟ್ಟೆಗೂ ಕಡಿಮೆ ಸಾಕು.

ಇಲ್ಲೇ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ನೆನಪಾಯಿತು, 2022ರಲ್ಲಿ ತೀರಿಕೊಂಡ ಮೊಸಳೆ. ಮೊಸಳೆಗಳು ಬಿಸಿಲಲ್ಲಿ ಬಾಯಿ ತೆರೆದು ಮಲಗುವುದು ಸಿಟ್ಟಿನಿಂದ ಅಲ್ಲ, ಹೆಚ್ಚಾದ ಶಾಖ ಹೊರಹಾಕಲು. ನಮ್ಮ ತಲೆಬಿಸಿಗೆ ಇಷ್ಟು ಸುಲಭದ ದಾರಿ ಇಲ್ಲ ಅಲ್ವಾ?

ಅಮ್ಮ ಒಳಗಿಂದ ಕರೆಯುತ್ತಿದ್ದಾರೆ, ಚಾ ಆರಿತಂತೆ. ಓತಿಕ್ಯಾತ ಈಗಷ್ಟೇ ಹೋದ. ನಾನಿನ್ನೂ ಕಟ್ಟೆಯಲ್ಲೇ.