ವಿಮಾನಕ್ಕೆ ಲೇಸರ್ ಹೊಡೆದರೆ ಐದು ವರ್ಷ ಜೈಲು

ಜೇಬಲ್ಲಿ ಹಿಡಿಸೋ ಒಂದು ಲೇಸರ್ ಪಾಯಿಂಟರ್, ಅದನ್ನ ಸುಮ್ನೆ ಮೇಲೆ ಹೋಗುವ ವಿಮಾನದ ಕಡೆ ಹಿಡಿದಿದ್ದಕ್ಕೆ ಐದು ವರ್ಷ ಜೈಲಾ ಅಂತ ಕೇಳುವವರಿದ್ದಾರೆ. ಹೌದು, ಅಮೆರಿಕದಲ್ಲಿ ಐದು ವರ್ಷದವರೆಗೆ ಹಾಕಬಹುದು, ಮತ್ತು ಆ ಕಾನೂನು ಸರಿಯಾಗಿದೆ ಅನ್ನುವವಳು ನಾನು.

ಕೆಳಗೆ ನಿಂತವರಿಗೆ ಲೇಸರ್ ಅಂದರೆ ಒಂದು ಚುಕ್ಕೆ ಅಷ್ಟೇ. ಆದರೆ ಕಿರಣ ದೂರ ಹೋದಷ್ಟೂ ಅಗಲವಾಗುತ್ತದೆ. ಸಾಮಾನ್ಯ ಪಾಯಿಂಟರ್‌ದು ಒಂದು ಕಿಲೋಮೀಟರ್ ಆಚೆ ಸುಮಾರು ಒಂದು ಮೀಟರ್ ಅಗಲ ಇರುತ್ತದೆ. ಅದು ಕಾಕ್‌ಪಿಟ್ ಗಾಜಿಗೆ ಬಿದ್ದು, ಗಾಜಿನ ಸಣ್ಣ ಗೀರು, ಕೊಳೆಗೆ ತಾಗಿ ಚದುರಿದರೆ ಮುಂದೆಲ್ಲಾ ಬರೀ ಹಸಿರು ಬೆಳಕು. ರಾತ್ರಿ, ಕತ್ತಲಿಗೆ ಒಗ್ಗಿದ ಕಣ್ಣು, ರನ್‌ವೇ ದೀಪ ನೋಡಿಕೊಂಡು ವಿಮಾನ ಇಳಿಸುತ್ತಿರುವ ಪೈಲಟ್, ಆ ಹೊತ್ತಲ್ಲಿ ಇದು. ಬೆಳಕು ಹೋದ ಮೇಲೂ ಅದರ ಕಲೆ ಕಣ್ಣಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಕಡಿಮೆ ಶಕ್ತಿಯ, 5 ಮಿಲಿವ್ಯಾಟ್‌ನ ಹಸಿರು ಲೇಸರ್ ಕೂಡ ಸುಮಾರು 350 ಮೀಟರ್‌ವರೆಗೆ ಕಣ್ಣು ಕೋರೈಸುತ್ತದೆ, ಮೂರೂವರೆ ಕಿಲೋಮೀಟರ್ ದೂರದಿಂದಲೂ ಗಮನ ಕೆಡಿಸುತ್ತದೆ. ಹೆಲಿಕಾಪ್ಟರ್‌ಗಳಿಗೆ ಇನ್ನೂ ಕಷ್ಟ. ಅವು ತಗ್ಗಿನಲ್ಲೇ ಹಾರುತ್ತವೆ, ಎಷ್ಟೋ ಸಲ ಒಬ್ಬರೇ ಪೈಲಟ್.

ಅಮೆರಿಕ 2012ರಲ್ಲಿ ಇದನ್ನೇ ಪ್ರತ್ಯೇಕ ಅಪರಾಧ ಮಾಡಿತು. ಗೊತ್ತಿದ್ದೂ ವಿಮಾನದ ಕಡೆ, ಅಥವಾ ಅದು ಹಾರುವ ದಾರಿಯ ಕಡೆ ಲೇಸರ್ ಹಿಡಿದರೆ ಸಾಕು. ಬೀಳಿಸಬೇಕು ಅಂತ ಇತ್ತೋ ಇಲ್ಲವೋ ಅನ್ನೋದು ಲೆಕ್ಕಕ್ಕಿಲ್ಲ. ನನಗೆ ಇದು ಮುಖ್ಯ ಅನಿಸುತ್ತದೆ, ಯಾಕಂದರೆ ಸಿಕ್ಕಿಬಿದ್ದವರು ಹೇಳೋದು ಹೆಚ್ಚಾಗಿ ಒಂದೇ ಮಾತು, ತಮಾಷೆಗೆ ಮಾಡಿದೆ ಅಂತ. ಅದು ನಿಜವೇ ಇರಬಹುದು. ಆದರೆ ಪೈಲಟ್ ಕಣ್ಣಿಗೆ ತಮಾಷೆಯ ಬೆಳಕು ಬೇರೆ, ದ್ವೇಷದ ಬೆಳಕು ಬೇರೆ ಅಂತ ಇರುತ್ತಾ?

ಹಾಗಂತ ಎಷ್ಟು ಬೇಕಾದರೂ ಶಿಕ್ಷೆ ಕೊಡಿ ಅನ್ನುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಹೆಲಿಕಾಪ್ಟರ್‌ಗೆ ಲೇಸರ್ ಹೊಡೆದ ಒಬ್ಬನಿಗೆ 2014ರಲ್ಲಿ 14 ವರ್ಷ ಹಾಕಿದ್ದರು. ಮಕ್ಕಳ ಜೊತೆ ಲೇಸರ್ ಎಷ್ಟು ದೂರ ಹೋಗುತ್ತೆ ಅಂತ ನೋಡುತ್ತಿದ್ದನಂತೆ. ಜನರ ಜೀವ ಲೆಕ್ಕಿಸದೆ ವಿಮಾನಕ್ಕೆ ಅಡ್ಡಿ ಮಾಡಿದ ಅನ್ನೋ ದೊಡ್ಡ ಆರೋಪಕ್ಕೆ ಸಾಕ್ಷಿ ಸಾಲದು ಅಂತ 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಲೇಸರ್ ಹಿಡಿದ ಅಪರಾಧ ಮಾತ್ರ ಹಾಗೇ ಉಳಿಯಿತು. ಒಳ್ಳೆಯ ತೀರ್ಪು. ಪೆದ್ದತನಕ್ಕೆ ಒಂದು ಶಿಕ್ಷೆ, ಕೇಡು ಬಗೆದವರಿಗೆ ಇನ್ನೊಂದು, ಹಾಗೇ ಇರಬೇಕಲ್ವಾ.

ಬ್ರಿಟನ್ 2018ರಲ್ಲಿ ತಂದ ಕಾನೂನಿನಲ್ಲೂ ಐದು ವರ್ಷದವರೆಗೆ ಜೈಲಿದೆ. ಅಲ್ಲಿ ವಿಮಾನ ಮಾತ್ರ ಅಲ್ಲ, ರೈಲು, ಬಸ್ಸು, ಹಡಗು ಎಲ್ಲಾ ಸೇರಿವೆ.

ಇಷ್ಟಾದರೂ 2023ರಲ್ಲಿ ಅಮೆರಿಕದ ಪೈಲಟ್‌ಗಳಿಂದ ಬಂದ ದೂರು 13,304. ನನ್ನ ಸಿಟ್ಟು ಮಾರುವವರ ಮೇಲೂ ಇದೆ. 2013ರಲ್ಲಿ ಅಲ್ಲಿನ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಅಳತೆ-ಮಾನದಂಡ ಸಂಸ್ಥೆ 122 ಪಾಯಿಂಟರ್ ಪರೀಕ್ಷೆ ಮಾಡಿದಾಗ ಹಸಿರು ಬಣ್ಣದವುಗಳಲ್ಲಿ ಶೇಕಡಾ 90ರಷ್ಟು ಸುರಕ್ಷತೆಯ ನಿಯಮ ಮೀರಿದ್ದವು. ಪಾಯಿಂಟರ್ ಹಿಡಿದವರನ್ನು ಹುಡುಕಲು ಹೆಲಿಕಾಪ್ಟರ್ ಕಳಿಸುತ್ತಾರೆ. ನಿಯಮ ಮೀರಿದ್ದಕ್ಕೂ ಸುರಕ್ಷಿತ ಅಂತ ಸುಳ್ಳು ಲೇಬಲ್ ಅಂಟಿಸಿ ಮಾರಿದವರ ಮನೆ ಬಾಗಿಲಿಗೂ ಪೊಲೀಸರು ಹೋಗಲಿ.