ಮಲೆನಾಡಿನ ಗೋಡೆಗೆ ಕನ್ನಡಿ ಚೂರು ಕೂರಿಸುವವರಿಗೆ

ಇರಾನಿನ ಕಲಾವಿದೆ ಮೋನಿರ್ ಶಾಹ್ರೂದಿ ಫರ್ಮಾನ್‌ಫರ್ಮಾಯನ್ ಅವರ ಕನ್ನಡಿ ಚೂರಿನ ಕೃತಿಗಳ ಚಿತ್ರ ಹಿಡಿದು, ನಮ್ಮ ಜಗಲಿಗೂ ಹೀಗೇ ಮಾಡಿಕೊಡಿ ಎಂದು ಬರುವವರಿದ್ದಾರೆ. 2015ರಲ್ಲಿ ನ್ಯೂಯಾರ್ಕಿನ ಕಲಾ ಮ್ಯೂಸಿಯಂ ಗುಗ್ಗೆನ್‌ಹೈಮ್‌ನಲ್ಲಿ ಪ್ರದರ್ಶನವಾದ, 2017ರಿಂದ ಟೆಹ್ರಾನಿನಲ್ಲಿ ಸ್ವಂತ ಮ್ಯೂಸಿಯಂ ಪಡೆದ ಕಲೆ ಅದು. ವಿನ್ಯಾಸವನ್ನು ಧಾರಾಳವಾಗಿ ಕಲಿಯೋಣ. ಆದರೆ ಅಲ್ಲಿನ ಒಣ ಹವೆಯಲ್ಲಿ ಗಾರೆಗೆ ಚೂರು ಅಂಟಿಸುವ ಕ್ರಮ ತೀರ್ಥಹಳ್ಳಿ, ಆಗುಂಬೆ ಕಡೆ ನಡೆಯುವುದಿಲ್ಲ.

ಕನ್ನಡಿ ಹಾಳಾಗುವುದು ಅಂಚಿನಿಂದ. ಗಾಜಿನ ಬೆನ್ನಿಗೆ ಬೆಳ್ಳಿಯ ತೆಳು ಲೇಪ, ಕೆಲವುಗಳಲ್ಲಿ ಅದರ ಮೇಲೆ ತಾಮ್ರ, ಆಮೇಲೆ ಬಣ್ಣ. ಕೊಯ್ದ ಕಡೆಯೆಲ್ಲ ಈ ಪದರಗಳು ಬಯಲಾಗುತ್ತವೆ. ಒಂದು ಮೀಟರ್ ಚೌಕದ ಕನ್ನಡಿಗೆ ಅಂಚು 4 ಮೀಟರ್. ಅದನ್ನೇ 5 ಸೆಂ.ಮೀ. ಚೌಕದ 400 ಚೂರು ಮಾಡಿದರೆ ಅಂಚು 80 ಮೀಟರ್! ಥಂಡಿ ಒಳನುಗ್ಗುವ ಬಾಗಿಲು ಇಪ್ಪತ್ತು ಪಟ್ಟು. ಹಾಗಾಗಿ ಕೊಯ್ದ ಮೇಲೆ, ಗಾಜು ಕೊಯ್ಯುವ ಕಟರಿಗೆ ಹಚ್ಚಿದ ಸೀಮೆಎಣ್ಣೆಯ ಜಿಡ್ಡು ಒರೆಸಿ, ಪ್ರತಿ ಚೂರಿನ ಅಂಚಿಗೂ ಪಾಲಿಯುರೆಥೇನ್ ವಾರ್ನಿಷ್ ಸವರಿ. ಬೇಜಾರಿನ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಕಟರನ್ನು ಗಾಜಿನ ಮುಖದ ಮೇಲೆ ಒಂದೇ ಸಲ ಎಳೆಯಬೇಕು. ಎಳೆದ ಗೆರೆಯ ಮೇಲೇ ಮತ್ತೆ ಎಳೆದರೆ ಅಂಚು ಚಕ್ಕೆ ಏಳುತ್ತದೆ, ಚಕ್ಕೆಯ ಜೊತೆ ಬಣ್ಣವೂ ಕಿತ್ತು ಬರುತ್ತದೆ.

ಗೋಡೆಗೆ ನೇರವಾಗಿ ಅಂಟಿಸಬೇಡಿ. ಸಿಮೆಂಟಿನ ಕ್ಷಾರ ಬೆನ್ನಿನ ಬಣ್ಣವನ್ನು ತಿನ್ನುತ್ತದೆ. 12 ಮಿ.ಮೀ. ಮರೈನ್ (ನೀರು ತಾಳುವ) ಪ್ಲೈವುಡ್ ತೆಗೆದುಕೊಂಡು ಎರಡೂ ಮುಖಕ್ಕೆ, ಅಂಚಿಗೂ ಪ್ರೈಮರ್ ಹೊಡೆಯಿರಿ. ಒಂದೇ ಮುಖಕ್ಕೆ ಹೊಡೆದರೆ ಹಲಗೆ ಸೊಟ್ಟಗಾಗುತ್ತದೆ. ಹಲಗೆಯ ಹಿಂದೆ ಪಟ್ಟಿ ಕೊಟ್ಟು ಗೋಡೆಯಿಂದ ಅರ್ಧ ಇಂಚು ದೂರ ನಿಲ್ಲಿಸಿ, ಮೇಲೂ ಕೆಳಗೂ ಗಾಳಿಗೆ ದಾರಿ ಬಿಡಿ. 3 ಮಿ.ಮೀ. ಗಾಜು ಚದರ ಮೀಟರಿಗೆ 7.5 ಕೆ.ಜಿ. ತೂಗುತ್ತದೆ, ಹಲಗೆಯ ತೂಕವನ್ನೂ ಸೇರಿಸಿ ಸ್ಕ್ರೂ ಲೆಕ್ಕ ಹಾಕಿ.

ಅಂಟಿಗೆ ನ್ಯೂಟ್ರಲ್, ಅಂದರೆ ಆಮ್ಲ ಬಿಡದ, ಸಿಲಿಕೋನ್ ಮಾತ್ರ. ವಿನೆಗರ್ ವಾಸನೆ ಬರುವ ಅಗ್ಗದ ಟ್ಯೂಬಿನ ಆಮ್ಲ ಬೆಳ್ಳಿಯನ್ನೇ ಕಪ್ಪು ಮಾಡುತ್ತದೆ. ಚೂರಿಗೊಂದು ಕಡಲೆಕಾಳಿನಷ್ಟು ಸಾಕು. ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವ ಹೀರಿ, ಬೆನ್ನಿಗೆಲ್ಲ ಬಳಿದರೆ ನಡುಭಾಗ ಬಹುಕಾಲ ಹಸಿಯಾಗೇ ಉಳಿಯುತ್ತದೆ. ಚೂರುಗಳ ನಡುವೆ 2 ಮಿ.ಮೀ. ಸಂದು ಇರಲಿ, ಅದನ್ನು ತುಂಬಲು ಸಿಮೆಂಟ್ ಗ್ರೌಟ್ ಬೇಡ. ಈ ಕೆಲಸವನ್ನು ಜಡಿಮಳೆಯ ತಿಂಗಳುಗಳಲ್ಲಿ ಹಿಡಿಯದಿರುವುದೇ ಮೇಲು, ಆಗ ಹಲಗೆಯೇ ನೀರು ಕುಡಿದಿರುತ್ತದೆ.

ಚೂರು 1 ಡಿಗ್ರಿ ಓರೆಯಾದರೆ ಬಿಂಬ 2 ಡಿಗ್ರಿ ತಿರುಗುತ್ತದೆ. ಮೂರು ಮೀಟರ್ ದೂರದಲ್ಲಿ ಅದು ಸುಮಾರು 10 ಸೆಂ.ಮೀ. ಸರಿದಂತೆ. ಮುಖ ಒಡೆದೊಡೆದು ಕಾಣುವ ಸೊಗಸು ಬರುವುದು ಇದರಿಂದಲೇ. ಓರೆ ಎಲ್ಲಿ ಬೇಕು ಎಂದು ಮೊದಲೇ ಹಲಗೆಯ ಮೇಲೆ ಗುರುತು ಹಾಕಿಕೊಳ್ಳಿ, ಕೈ ಹೋದಂತೆ ಒತ್ತಿದರೆ ಅದು ಬರೀ ಗಲಿಬಿಲಿ.

ಒರೆಸುವ ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿ, ಕನ್ನಡಿಗಲ್ಲ. ಸಂದಿಗೆ ಇಳಿದರೆ ಮತ್ತೆ ಅಂಚಿಗೇ ಕುತ್ತು. ಕಪ್ಪು ಚುಕ್ಕೆ ಬಂದ ಚೂರನ್ನು ತೆಳು ತಂತಿಯಿಂದ ಸಿಲಿಕೋನ್ ಕೊಯ್ದು ತೆಗೆಯಬಹುದು. ಅದಕ್ಕೆಂದೇ ಅದೇ ಹಾಳೆಯಿಂದ ಕೊಯ್ದ ಒಂದಷ್ಟು ಚೂರುಗಳನ್ನು ಮನೆಯವರ ಕೈಗೆ ಕೊಟ್ಟಿರಿ, ಬೇರೆ ಹಾಳೆಯ ಹಸಿರು ಛಾಯೆ ಹೊಂದಿಕೆಯಾಗದೆ ಹೋಗಬಹುದು.